ಬೆಳಕಿನ ಮಾಲಿನ್ಯ: ಜನಶಿಕ್ಷಣಕ್ಕೆ ಸ್ವಯಂಸೇವಕರ ತರಬೇತಿ

ಬೆಳಕಿನ ಮಾಲಿನ್ಯ ಎಂದರೆ ರಾತ್ರಿ ಹೊತ್ತು ಬೇಡದ ಕಡೆಗೆ, ಬೇಡದ ವೇಳೆಯಲ್ಲಿ, ಬೇಕಾದುದಕ್ಕಿಂತ ಹೆಚ್ಚಾಗಿ ಹರಡುವ ಕೃತಕ ಬೆಳಕಿನಿಂದ ಆಗುವ ಕೇಡು. ಅದರ ಕಾರಣ, ಪರಿಣಾಮ ಮತ್ತು ಪರಿಹಾರಗಳನ್ನು ಜನರಿಗೆ ತಿಳಿಸಿಕೊಡಲು, ಸ್ವಂತ ಆಸಕ್ತಿಯಿಂದ ಮುಂದೆ ಬರುವ ಸ್ಥಳೀಯರನ್ನು ಅಣಿಗೊಳಿಸುವ ಕ್ರಮವೇ ಈ ಲೇಖನದ ವಿಷಯವಾದ ಸ್ವಯಂಸೇವಕ ತರಬೇತಿ. ಖಗೋಳ ವಿಜ್ಞಾನ, ದೀಪ ತಂತ್ರಜ್ಞಾನ, ಜೀವಶಾಸ್ತ್ರ ಮತ್ತು ಊರಿನ ಆಡಳಿತ ಈ ನಾಲ್ಕೂ ಇದರಲ್ಲಿ ಕೂಡುತ್ತವೆ. ತರಬೇತಿ ಪಡೆದವರು ಶಾಲೆ, ಗ್ರಾಮಸಭೆ, ಜಾತ್ರೆ ಮತ್ತು ಆಕಾಶವೀಕ್ಷಣೆಯ ಕೂಟಗಳಲ್ಲಿ ಪಾಠ ಹೇಳುವುದರ ಜೊತೆಗೆ ರಾತ್ರಿಯ ಆಕಾಶದ ಹೊಳಪನ್ನು ಅಳೆದು ದಾಖಲಿಸುತ್ತಾರೆ.

ಪಾರಿಭಾಷಿಕ ಪದಗಳು

ಊರಿನ ದೀಪಗಳ ಬೆಳಕು ಮೇಲಕ್ಕೇರಿ ಗಾಳಿಯ ಅಣು, ದೂಳು ಮತ್ತು ತೇವಕ್ಕೆ ತಗುಲಿ ಚದುರಿದಾಗ ಇಡೀ ಆಕಾಶ ಮಂಕಾಗಿ ಬೆಳಗುತ್ತದೆ. ಇದು ಆಕಾಶಪ್ರಭೆ. ದೂರದಿಂದ ನೋಡುವವರಿಗೆ ನಗರದ ಮೇಲೆ ಕವುಚಿದಂತೆ ಕಾಣುವ ಇದರ ಕಮಾನಿಗೆ ಬೆಳಕಿನ ಗುಮ್ಮಟ ಎಂದು ಹೆಸರು. ದೀಪದ ಬುರುಡೆ ನೇರವಾಗಿ ಕಣ್ಣಿಗೆ ಬಿದ್ದು ಎದುರಿನದು ಕಾಣದಂತೆ ಮಾಡುವುದು ಕಣ್ಕುಕ್ಕು. ಬೀದಿಯ ಬೆಳಕು ಮನೆಯ ಕಿಟಕಿಗೋ ಹೊಲಕ್ಕೋ ಹೋಗುವುದು ನುಸುಳುಬೆಳಕು. ಒಂದೇ ಕಡೆ ಲೆಕ್ಕವಿಲ್ಲದೆ ದೀಪಗಳು ಗುಂಪುಗೂಡುವುದು ದೀಪದಟ್ಟಣೆ.

ಆಕಾಶ ಎಷ್ಟು ಕತ್ತಲಾಗಿದೆ ಎಂಬುದನ್ನು ಬರಿಗಣ್ಣಿನಿಂದ ಅಂದಾಜಿಸಲು ಬಾರ್ಟಲ್ ಮಾಪಕ ಬಳಕೆಯಲ್ಲಿದೆ. ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ ಈ ಮಾಪಕದಲ್ಲಿ 9 ದರ್ಜೆಗಳಿವೆ. 1ನೆಯ ದರ್ಜೆ ಅಪ್ಪಟ ಕತ್ತಲು, 9ನೆಯದು ಮಹಾನಗರದ ನಡುಭಾಗ. ನಕ್ಷತ್ರದ ಹೊಳಪಿನ ಅಳತೆ ಕಾಂತಿಮಾನ. ಇದರ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ನೆಯ ಕಾಂತಿಮಾನದ ನಕ್ಷತ್ರಗಳವರೆಗೆ ಕಾಣುತ್ತದೆ. ದೊಡ್ಡ ನಗರದಲ್ಲಿ 3ನೆಯದಕ್ಕೇ ನಿಂತುಬಿಡುವುದುಂಟು. ದೀಪದ ಬಿಳುಪು ಎಷ್ಟು ನೀಲಿ, ಎಷ್ಟು ಹಳದಿ ಎಂಬುದನ್ನು ತಿಳಿಸುವ ಅಳತೆ ವರ್ಣತಾಪ. ಇದರ ಮಾನ ಕೆಲ್ವಿನ್. ಅಂಗಡಿಗಳಲ್ಲಿ ಕೂಲ್ ವೈಟ್ ಎಂದು ಮಾರುವ ಎಲ್‌ಇಡಿ ಸಾಮಾನ್ಯವಾಗಿ 6,500 ಕೆಲ್ವಿನ್ ಆಸುಪಾಸಿನದು. ವಾರ್ಮ್ ವೈಟ್ ಎನ್ನುವುದು 2,700ರಿಂದ 3,000 ಕೆಲ್ವಿನ್.

ಹುಟ್ಟು ಮತ್ತು ಬೆಳವಣಿಗೆ

ಈ ಕಳಕಳಿ ಮೊದಲು ಮೂಡಿದ್ದು ವೀಕ್ಷಣಾಲಯಗಳ ಅಕ್ಕಪಕ್ಕದಲ್ಲಿ. ಅಮೆರಿಕದ ಅರಿಜೋನಾ ರಾಜ್ಯದ ಫ್ಲಾಗ್‌ಸ್ಟಾಫ್ ನಗರ 1958ರಲ್ಲಿ ಜಾಹೀರಾತಿನ ಸರ್ಚ್‌ಲೈಟುಗಳನ್ನು ನಿಷೇಧಿಸಿ ಕಟ್ಟಳೆ ತಂದಿತು. ಕಾರಣ ಅಲ್ಲಿನ ಲೊವೆಲ್ ವೀಕ್ಷಣಾಲಯ. ಹೀಗೆ ಮೊದಲ ಹೆಜ್ಜೆ ವಿಜ್ಞಾನಿಗಳದ್ದು ಮತ್ತು ನಗರಸಭೆಯದ್ದಾಗಿತ್ತು. ಜನರಿಗೆ ಜನರೇ ಕಲಿಸುವ ಪದ್ಧತಿಯ ಬೇರು ಇನ್ನೊಂದು ಕಡೆ ಇದೆ. ಜಾನ್ ಡಾಬ್ಸನ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆಳೆಯರೊಡನೆ ಕಟ್ಟಿದ ರಸ್ತೆಬದಿ ಖಗೋಳ ವೀಕ್ಷಕರ ಬಳಗ, ಅಗ್ಗದ ಸಾಮಾನಿನಿಂದ ಮಾಡಿದ ದೂರದರ್ಶಕವನ್ನು ಬೀದಿಗೆ ತಂದು ದಾರಿಹೋಕರಿಗೆ ಚಂದ್ರ, ಶನಿ ತೋರಿಸಿತು. ಅವರ ಹೆಸರಿನ ಡಾಬ್ಸೋನಿಯನ್ ದೂರದರ್ಶಕವೇ ಇಂದಿಗೂ ಸ್ವಯಂಸೇವಕರ ಮುಖ್ಯ ಉಪಕರಣ.

ಈ ಎರಡು ಹೊಳೆಗಳು ಕೂಡಿದ್ದು 1988ರಲ್ಲಿ. ಖಗೋಳ ವಿಜ್ಞಾನಿ ಡೇವಿಡ್ ಕ್ರಾಫರ್ಡ್ ಮತ್ತು ವೈದ್ಯ ಹಾಗೂ ಹವ್ಯಾಸಿ ವೀಕ್ಷಕ ಟಿಮ್ ಹಂಟರ್ ಅರಿಜೋನಾದ ಟ್ಯೂಸಾನ್‌ನಲ್ಲಿ ಇಂಟರ್‌ನ್ಯಾಷನಲ್ ಡಾರ್ಕ್ ಸ್ಕೈ ಅಸೋಸಿಯೇಷನ್ ಸ್ಥಾಪಿಸಿದರು. ಈಗ ಅದರ ಹೆಸರು ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್. ಕತ್ತಲು ಉಳಿಸಿಕೊಂಡ ಊರು, ಉದ್ಯಾನ ಮತ್ತು ಮೀಸಲು ಪ್ರದೇಶಗಳಿಗೆ ಮನ್ನಣೆ ಕೊಡುವ ಕೆಲಸವನ್ನು ಇದು 2001ರಲ್ಲಿ ಆರಂಭಿಸಿತು. ಮೊದಲ ಮನ್ನಣೆ ಸಿಕ್ಕಿದ್ದು ಅದೇ ಫ್ಲಾಗ್‌ಸ್ಟಾಫ್‌ಗೆ. ವರ್ಜೀನಿಯಾದ ಶಾಲಾ ವಿದ್ಯಾರ್ಥಿನಿ ಜೆನ್ನಿಫರ್ ಬಾರ್ಲೊ 2003ರಲ್ಲಿ ಶುರುಮಾಡಿದ ಕತ್ತಲಾಕಾಶ ಸಪ್ತಾಹ ಈಗ ಪ್ರತಿವರ್ಷ ಏಪ್ರಿಲ್ ಹೊತ್ತಿಗೆ ಹಲವು ದೇಶಗಳಲ್ಲಿ ನಡೆಯುತ್ತದೆ.

ತರಬೇತಿಗೆ ನಿರ್ದಿಷ್ಟ ರೂಪ ಬರಲು ಎರಡು ಸಂಗತಿಗಳು ನೆರವಾದವು. ಒಂದು, 2006ರಲ್ಲಿ ಆರಂಭವಾದ ಗ್ಲೋಬ್ ಅಟ್ ನೈಟ್ ಕಾರ್ಯಕ್ರಮ. ಯಾವ ಉಪಕರಣವೂ ಇಲ್ಲದ ಸಾಮಾನ್ಯ ಮನುಷ್ಯ ಗೊತ್ತುಮಾಡಿದ ನಕ್ಷತ್ರಪುಂಜವನ್ನು ನೋಡಿ, ಕೊಟ್ಟಿರುವ ನಕ್ಷೆಗಳಲ್ಲಿ ಯಾವುದಕ್ಕೆ ತನ್ನ ಆಕಾಶ ಹೋಲುತ್ತದೆ ಎಂದು ವರದಿ ಮಾಡುವ ವಿಧಾನ ಇದು. ಇನ್ನೊಂದು, 2009ರ ಅಂತಾರಾಷ್ಟ್ರೀಯ ಖಗೋಳ ವರ್ಷ ಮತ್ತು 2015ರ ಅಂತಾರಾಷ್ಟ್ರೀಯ ಬೆಳಕಿನ ವರ್ಷ. ಈ ಎರಡು ಆಚರಣೆಗಳ ಸಂದರ್ಭದಲ್ಲಿ ಶಿಕ್ಷಕರಿಗೆ ಮತ್ತು ಮಕ್ಕಳಿಗೆ ಪಾಠದ ಸಾಮಗ್ರಿ, ಪ್ರಯೋಗದ ಪೆಟ್ಟಿಗೆಗಳು ಸಿದ್ಧವಾದವು.

ಕರ್ನಾಟಕದ ಹಿನ್ನೆಲೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪಗಳು ಬೆಳಗಿದವು. ಹಳ್ಳಿಗಳಿಗೆ ಬೆಳಕು ಬರಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಬಡ ಮನೆಗಳಿಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು 1970ರ ದಶಕದ ಕೊನೆಗೆ. ಬೆಳಕನ್ನು ಮಾಲಿನ್ಯ ಎಂದು ಕರೆದರೆ ಹಳ್ಳಿಯ ಹಿರಿಯರಿಗೆ ಒಪ್ಪಿಗೆಯಾಗದಿರುವುದಕ್ಕೆ ಈ ಚರಿತ್ರೆಯೇ ಕಾರಣ. ಒಳ್ಳೆಯ ತರಬೇತಿ ಇದನ್ನು ಮೊದಲ ಪಾಠವಾಗಿ ಇಟ್ಟುಕೊಳ್ಳಬೇಕು.

ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಸ್ವಯಂಸೇವಕರ ಪರಂಪರೆ ರಾಜ್ಯದಲ್ಲಿ ಗ್ರಹಣಗಳ ಜೊತೆಗೇ ಬೆಳೆಯಿತು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ ಬಹುಪಾಲು ಜನ ಬಾಗಿಲು ಹಾಕಿ ಒಳಗೇ ಉಳಿದರು. ಅದೇ ವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರೂಪುಗೊಂಡಿತು. ಅದರ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹಳ್ಳಿಯ ಶಾಲೆಗಳವರೆಗೆ ಹೋಯಿತು. 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ತೆರೆಯಿತು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ವಿದ್ಯಾರ್ಥಿಗಳಿಂದಲೇ ಸಾರ್ವಜನಿಕ ವೀಕ್ಷಣೆ ನಡೆಸುವ ಪದ್ಧತಿ ಬೆಳೆಸಿತು. 2018ರಲ್ಲಿ ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ಬಂತು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾದಾಗ ಜನ ಮೈದಾನಕ್ಕೆ ಬಂದು ನೋಡಿದರು. 1980ರಿಂದ 2019ರವರೆಗಿನ ಈ ಬದಲಾವಣೆಗೆ ಶಿಕ್ಷಕರು, ಕಾಲೇಜು ಹುಡುಗರು, ವಿಜ್ಞಾನ ಸಂಘಟನೆಗಳ ಕಾರ್ಯಕರ್ತರು ಮುಖ್ಯ ಕಾರಣ. ಬೆಳಕಿನ ಮಾಲಿನ್ಯದ ಪಾಠಕ್ಕೂ ಇದೇ ಜನ, ಇದೇ ದಾರಿ ಒದಗುತ್ತದೆ. ಒಂದೇ ವ್ಯತ್ಯಾಸವೆಂದರೆ ಗ್ರಹಣ ಒಂದು ದಿನದ್ದು. ಬೀದಿದೀಪ ಪ್ರತಿ ರಾತ್ರಿಯದು.

ಹಾನ್ಲೆಯ ಮಾದರಿ

ಭಾರತದಲ್ಲಿ ಸ್ಥಳೀಯರಿಗೆ ವ್ಯವಸ್ಥಿತ ತರಬೇತಿ ಕೊಟ್ಟು ಕತ್ತಲಾಕಾಶದ ಕಾವಲಿಗೆ ನಿಲ್ಲಿಸಿದ ದೊಡ್ಡ ಉದಾಹರಣೆ ಲಡಾಖಿನ ಹಾನ್ಲೆ. ಅದರ ಹಿಂದಿರುವುದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಹಾನ್ಲೆಯಲ್ಲಿ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯ ಕೇಂದ್ರದಿಂದಲೇ ನಡೆಸುತ್ತಾರೆ. ಆ ಕತ್ತಲು ಉಳಿಯಬೇಕೆಂದು ಸಂಸ್ಥೆ, ಲಡಾಖ್ ಆಡಳಿತ ಮತ್ತು ಲೇಹ್‌ನ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಳಿ 2022ರಲ್ಲಿ ಒಪ್ಪಂದ ಮಾಡಿಕೊಂಡವು. ಅದೇ ವರ್ಷದ ಡಿಸೆಂಬರಿನಲ್ಲಿ ಚಾಂಗ್‌ಥಾಂಗ್ ವನ್ಯಧಾಮದೊಳಗಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಹಾನ್ಲೆ ಕತ್ತಲಾಕಾಶ ಮೀಸಲು ಎಂದು ಅಧಿಸೂಚಿಸಲಾಯಿತು.

ಮೀಸಲಿನೊಳಗಿನ ಹಳ್ಳಿಗಳಿಂದ 24 ಮಂದಿಯನ್ನು ಆರಿಸಿ ಖಗೋಳ ರಾಯಭಾರಿಗಳೆಂದು ಹೆಸರಿಟ್ಟು ಸಂಸ್ಥೆಯ ವಿಜ್ಞಾನಿಗಳು ತರಬೇತಿ ಕೊಟ್ಟರು. ಇವರಲ್ಲಿ ಮಹಿಳೆಯರೂ ಇದ್ದಾರೆ. ಆಕಾಶದ ಪರಿಚಯ, ದೂರದರ್ಶಕವನ್ನು ಜೋಡಿಸಿ ತಿರುಗಿಸುವ ಕ್ರಮ, ಬಂದವರಿಗೆ ವಿವರಿಸುವ ರೀತಿ, ದೀಪಗಳ ಶಿಸ್ತು ಇವು ಪಾಠದ ಭಾಗಗಳು. ಡಾಬ್ಸೋನಿಯನ್ ದೂರದರ್ಶಕಗಳನ್ನು ಅವರಿಗೆ ಒದಗಿಸಲಾಯಿತು. ಪ್ರವಾಸಿಗರಿಗೆ ಆಕಾಶ ತೋರಿಸಿ, ಮನೆಯಲ್ಲೇ ಉಳಿಸಿಕೊಂಡು, ಅವರು ಆದಾಯ ಗಳಿಸುತ್ತಾರೆ. ಮನೆಯ ದೀಪಗಳಿಗೆ ಮರೆ, ಕಿಟಕಿಗಳಿಗೆ ದಪ್ಪ ಪರದೆ, ವಾಹನಗಳ ಹೈಬೀಮ್‌ಗೆ ಕಡಿವಾಣ ಇವುಗಳನ್ನು ಊರಿನವರೇ ಒಪ್ಪಿ ಪಾಲಿಸುವುದಕ್ಕೆ ಈ ಆದಾಯ ದೊಡ್ಡ ಒತ್ತಾಸೆ. 2023ರಿಂದ ಅಲ್ಲಿ ದೇಶದ ಹವ್ಯಾಸಿ ವೀಕ್ಷಕರ ನಕ್ಷತ್ರಕೂಟವೂ ನಡೆಯುತ್ತಿದೆ.

ಹಾನ್ಲೆಯ ಮಾದರಿಯನ್ನು ಬಯಲುಸೀಮೆಗೆ ಹಾಗೆಯೇ ತರಲಾಗದು. ಅಲ್ಲಿ ಜನವಸತಿ ವಿರಳ, ಕಾಯಬೇಕಾದ ವೀಕ್ಷಣಾಲಯವಿದೆ, ಹಣ ಕೊಡುವ ಪ್ರವಾಸಿಗರಿದ್ದಾರೆ. ಸಾಮಾನ್ಯ ಕೃಷಿ ಗ್ರಾಮದಲ್ಲಿ ಈ ಮೂರೂ ಇರುವುದಿಲ್ಲ. ಹಾನ್ಲೆಯಿಂದ ಕಲಿಯಬೇಕಾದದ್ದು ಬೇರೆ: ಪಾಠ ಹೇಳುವವರು ಹೊರಗಿನಿಂದ ಬಂದು ಹೋಗುವವರಾಗಿರದೆ ಅದೇ ಊರಿನವರಾಗಿರಬೇಕು, ಅವರ ಕೈಯಲ್ಲಿ ಒಂದು ಉಪಕರಣವಿರಬೇಕು, ಅವರ ಸಂಶಯ ಪರಿಹರಿಸಲು ಒಂದು ವಿಜ್ಞಾನ ಸಂಸ್ಥೆ ಬೆನ್ನಿಗಿರಬೇಕು.

ತರಬೇತಿಯ ಪಠ್ಯ

ಪಠ್ಯದ ಮೊದಲ ಭಾಗ ಬೆಳಕಿನ ಭೌತಶಾಸ್ತ್ರ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಚದುರುವಿಕೆ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮ. 450 ನ್ಯಾನೋಮೀಟರಿನ ನೀಲಿ, 600 ನ್ಯಾನೋಮೀಟರಿನ ಕಿತ್ತಳೆಗಿಂತ ಸುಮಾರು 3 ಪಟ್ಟು ಹೆಚ್ಚು ಚದುರುತ್ತದೆ. ಹಳದಿ ಸೋಡಿಯಂ ದೀಪ ತೆಗೆದು ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ಹಾಕಿದಾಗ, ವಿದ್ಯುತ್ ಉಳಿದರೂ ಆಕಾಶ ಬೆಳ್ಳಗಾಗುವುದು ಇದರಿಂದಲೇ. ದೀಪದಿಂದ ಕ್ಷಿತಿಜಕ್ಕೆ ತುಸು ಮೇಲಾಗಿ ಹೊರಡುವ ಬೆಳಕು ಗಾಳಿಯಲ್ಲಿ ಬಹುದೂರ ಸಾಗಿ ದೂರದ ಊರುಗಳ ಆಕಾಶವನ್ನೂ ಕೆಡಿಸುತ್ತದೆ. ನಗರದ ಆಕಾಶಪ್ರಭೆ ದೂರದೊಡನೆ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಮರ್ಲ್ ವಾಕರ್ 1970ರ ದಶಕದಲ್ಲಿ ಕೊಟ್ಟ ಸೂತ್ರ ಈಗಲೂ ಪಾಠದಲ್ಲಿದೆ: ದೂರ ಇಮ್ಮಡಿಯಾದರೆ ಪ್ರಭೆ ಸುಮಾರು 5.7ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಎರಡನೆಯ ಭಾಗ ಜೀವಿಗಳ ಮೇಲಿನ ಪರಿಣಾಮ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕಿಂತ ಮುಖ್ಯವಾಗಿ ಹಗಲು-ರಾತ್ರಿಗಳನ್ನು ಗುರುತಿಸುವ ಕೋಶಗಳಿವೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ ಅವು ಬೇಗ ಸ್ಪಂದಿಸಿ, ನಿದ್ದೆಗೆ ಬೇಕಾದ ಮೆಲಟೋನಿನ್ ಸ್ರವಿಸುವುದನ್ನು ತಗ್ಗಿಸುತ್ತವೆ. ಹಗಲು-ರಾತ್ರಿಗೆ ಹೊಂದಿ ನಡೆಯುವ ದೇಹದೊಳಗಿನ ಗಡಿಯಾರದ ಅಣುಮಟ್ಟದ ವ್ಯವಸ್ಥೆಯನ್ನು ಬಿಡಿಸಿದ್ದಕ್ಕೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಮಿಂಚುಹುಳಗಳು ಒಂದನ್ನೊಂದು ಕರೆಯುವುದು ಬೆಳಕಿನಿಂದ. ದೀಪದ ಬಳಿ ಆ ಕರೆ ಕಾಣದಾಗಿ ಸಂತಾನವೇ ಕಡಿಮೆಯಾಗುತ್ತದೆ. ಹೊನ್ನಾವರ, ಕಾರವಾರ, ಕುಂದಾಪುರದ ಕಡಲತೀರದಲ್ಲಿ ಮೊಟ್ಟೆಯೊಡೆದು ಬರುವ ಆಲಿವ್ ರಿಡ್ಲೆ ಆಮೆಮರಿಗಳು ಹೊಳೆಯುವ ದಿಕ್ಕನ್ನೇ ಸಮುದ್ರವೆಂದು ತಿಳಿದು ರಸ್ತೆಯ ಕಡೆ ನಡೆದುಬಿಡುವ ಅಪಾಯವಿದೆ. ದೀಪಕ್ಕೆ ಹುಳು ಸುತ್ತುವುದೇಕೆ ಎಂಬ ಹಳೆಯ ಪ್ರಶ್ನೆಗೆ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೊಸ ಉತ್ತರ ಕೊಟ್ಟಿತು: ಹಾರುವ ಕೀಟಗಳು ಬೆಳಕಿರುವ ಕಡೆಯನ್ನು ಮೇಲು ಎಂದು ತಿಳಿದು ಬೆನ್ನನ್ನು ಅತ್ತ ತಿರುಗಿಸುತ್ತವೆ, ಹಾಗಾಗಿ ದೀಪದ ಸುತ್ತ ಸಿಕ್ಕಿಬೀಳುತ್ತವೆ.

ಮೂರನೆಯದು ದೀಪದ ಆಯ್ಕೆ. ಇದಕ್ಕೆ ಆಧಾರ 2020ರಲ್ಲಿ ಡಾರ್ಕ್‌ಸ್ಕೈ ಸಂಸ್ಥೆ ದೀಪ ತಂತ್ರಜ್ಞರ ಸಂಘದೊಡನೆ ಸೇರಿ ಹೊರಡಿಸಿದ ಐದು ಸೂತ್ರಗಳು. ದೀಪಕ್ಕೆ ಸ್ಪಷ್ಟ ಉಪಯೋಗವಿರಬೇಕು, ಬೇಕಾದ ಜಾಗಕ್ಕಷ್ಟೇ ಬೀಳಬೇಕು, ಅಗತ್ಯಕ್ಕಿಂತ ಪ್ರಖರವಾಗಿರಬಾರದು, ಬೇಡವಾದಾಗ ಆರುವಂತಿರಬೇಕು, ಬಣ್ಣ ಬೆಚ್ಚಗಿರಬೇಕು. ಇವನ್ನು ಬಾಯಿಪಾಠ ಮಾಡಿಸುವುದು ಸುಲಭ. ಕಷ್ಟದ ಕೆಲಸ, ಒಂದು ಲೈಟಿನ ಕಂಬದ ಕೆಳಗೆ ನಿಂತು ಆ ದೀಪ ಯಾವ ಸೂತ್ರ ಮುರಿಯುತ್ತಿದೆ ಎಂದು ಗುರುತಿಸುವುದು ಮತ್ತು ಅದನ್ನು ಸರಿಪಡಿಸಲು ಬೇಕಾದ ಸಾಮಾನು, ಖರ್ಚು ಹೇಳುವುದು. ಬಹಳಷ್ಟು ಕಡೆ ದೀಪವನ್ನು ನೆಲಕ್ಕೆ ಬಗ್ಗಿಸಿ ಕೂರಿಸುವುದು, ಮೇಲೆ ತಗಡಿನ ಮರೆ ಹಾಕುವುದು, ಕಂಬಕ್ಕೊಂದು ಸ್ವಿಚ್ ಅಥವಾ ಟೈಮರ್ ಇಡುವುದು ಇಷ್ಟರಲ್ಲೇ ಪರಿಹಾರವಿರುತ್ತದೆ. ಹೀಗೆ ಮಾಡಿದಾಗ ಓಣಿಗೆ ಬೀಳುವ ಬೆಳಕು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಜನಶಿಕ್ಷಣದ ತಿರುಳು ಇರುವುದು ಇಲ್ಲಿ.

ನಾಲ್ಕನೆಯ ಭಾಗ ಆಕಾಶದ ಪರಿಚಯ ಮತ್ತು ಅಳತೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಆದ್ದರಿಂದ ಸ್ವಯಂಸೇವಕರು ಬ್ಯಾಟರಿಗೆ ಕೆಂಪು ಕಾಗದ ಸುತ್ತಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಮಹಾವ್ಯಾಧ ನಕ್ಷತ್ರಪುಂಜ, ಬೇಸಿಗೆಯ ಮೊದಲಲ್ಲಿ ಸಿಂಹ ರಾಶಿ ನಕ್ಷೆಯೊಡನೆ ಹೋಲಿಕೆಗೆ ಒದಗುತ್ತವೆ. ಚಂದ್ರನಿಲ್ಲದ ಸಮಯ, ಮೋಡವಿಲ್ಲದ ಆಕಾಶ, ಹತ್ತಿರದಲ್ಲಿ ದೀಪ ಬೀಳದ ಜಾಗ, ದಿನಾಂಕ, ವೇಳೆ, ಅಕ್ಷಾಂಶ, ರೇಖಾಂಶ ಇವು ವರದಿಗೆ ಬೇಕಾದವು. ಕೃತ್ತಿಕೆಯಲ್ಲಿ ಎಷ್ಟು ಚಿಕ್ಕೆ ಎಣಿಸಬಹುದು ಎಂಬುದು ಮಕ್ಕಳಿಗೆ ಕೊಡುವ ಸರಳ ಪರೀಕ್ಷೆ. ನಿಖರ ಅಳತೆ ಬೇಕಾದಲ್ಲಿ ಆಕಾಶದ ಗುಣಮಟ್ಟ ಅಳೆಯುವ ಅಂಗೈಯಗಲದ ಉಪಕರಣವನ್ನು ಬಳಸುತ್ತಾರೆ. ಅಪ್ಪಟ ಕತ್ತಲ ಆಕಾಶಕ್ಕೆ ಅದು ಚದರ ಚಾಪ ಸೆಕೆಂಡಿಗೆ ಸುಮಾರು 22 ಕಾಂತಿಮಾನ ತೋರಿಸುತ್ತದೆ.

ಬರಿಗಣ್ಣಿನ ಅಳತೆಗೆ ಇಷ್ಟು ಮಹತ್ವ ಏಕೆಂಬುದನ್ನು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕ್ರಿಸ್ಟೋಫರ್ ಕೈಬಾ ಮತ್ತು ಸಂಗಡಿಗರ ಅಧ್ಯಯನ ತೋರಿಸಿಕೊಟ್ಟಿತು. ರಾತ್ರಿಯ ಬೆಳಕನ್ನು ನೋಡುವ ಉಪಗ್ರಹದ ಸಂವೇದಕಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಪಕ್ಕಕ್ಕೆ ಹೊರಡುವ ಬೆಳಕೂ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಹೀಗಾಗಿ ಎಲ್‌ಇಡಿಗೆ ಬದಲಾದ ಊರು ಉಪಗ್ರಹಕ್ಕೆ ಮಬ್ಬಾದಂತೆ ಕಾಣಬಹುದು. ಆದರೆ 2011ರಿಂದ 2022ರವರೆಗೆ ಸಾಮಾನ್ಯ ಜನ ಕಳಿಸಿದ 51,000ಕ್ಕೂ ಹೆಚ್ಚು ವರದಿಗಳ ಪ್ರಕಾರ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6 ಹೆಚ್ಚಿದೆ. ಈ ವೇಗದಲ್ಲಿ, ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಅದಕ್ಕೆ 18 ವರ್ಷವಾಗುವ ಹೊತ್ತಿಗೆ 100 ಉಳಿಯುತ್ತವೆ. ಉಪಗ್ರಹ ಕಾಣದ್ದನ್ನು ಮನುಷ್ಯರ ಕಣ್ಣು ಕಂಡಿತು. ಆದರೆ ಈ ವರದಿಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದವು.

ಕೊನೆಯ ಭಾಗ ಮಾತಿನ ಅಭ್ಯಾಸ. ಹಾವು, ಚೇಳು, ಕಳ್ಳತನದ ಹೆದರಿಕೆ, ರಾತ್ರಿ ಹೊರಗೆ ಹೋಗಬೇಕಾದ ಹೆಣ್ಣುಮಕ್ಕಳ ಸುರಕ್ಷತೆ ಇವು ನಿಜವಾದ ಕಾಳಜಿಗಳು. ಕತ್ತಲನ್ನು ಹೊಗಳುವ ಭಾಷಣ ಇವುಗಳ ಮುಂದೆ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಕಣ್ಣು ಕುಕ್ಕುವ ದೀಪದ ಆಚೆ ನಿಂತವರು ಕಾಣುವುದಿಲ್ಲ, ಮರೆ ಹಾಕಿದ ದೀಪದಲ್ಲಿ ಕಾಣುತ್ತಾರೆ. ಇದನ್ನು ಕೈಯಡ್ಡ ಹಿಡಿದು ಅಲ್ಲೇ ತೋರಿಸುವುದು ತರಬೇತಿಯಲ್ಲಿ ಕಡ್ಡಾಯವಾಗಬೇಕಾದ ಪ್ರಯೋಗ.

ಸ್ವಯಂಸೇವಕರ ಬಗೆಗಳು

ಕೆಲಸದ ಸ್ವರೂಪ ನೋಡಿ ಇವರನ್ನು ವಿಂಗಡಿಸಬಹುದು. ಆಕಾಶ ತೋರಿಸುವವರು ದೂರದರ್ಶಕದೊಡನೆ ಕೂಟ ನಡೆಸುತ್ತಾರೆ. ಅಳತೆಗಾರರು ಒಂದೇ ಜಾಗದಿಂದ ವರ್ಷವರ್ಷವೂ ದಾಖಲೆ ಮಾಡುತ್ತಾರೆ. ಶಾಲಾ ಕಾರ್ಯಕರ್ತರು ಬಹುಮಟ್ಟಿಗೆ ಶಿಕ್ಷಕರೇ. ಪಂಚಾಯಿತಿ, ವಿದ್ಯುತ್ ಕಂಪನಿ, ಜಾತ್ರಾ ಸಮಿತಿಗಳೊಡನೆ ಮಾತಾಡಿ ದೀಪ ಬದಲಿಸುವವರು ನಾಲ್ಕನೆಯವರು. ಇವರ ಸಂಖ್ಯೆ ಎಲ್ಲೆಡೆ ಕಡಿಮೆ, ಅಗತ್ಯ ಎಲ್ಲರಿಗಿಂತ ಹೆಚ್ಚು.

ಸಾರವಾಡ ಮತ್ತು ವಿಜಯಪುರ ಸೀಮೆ

ಈ ಪಠ್ಯವನ್ನು ಒಂದು ಕೃಷಿ ಗ್ರಾಮಕ್ಕೆ ಅನ್ವಯಿಸಿ ನೋಡಲು ಸಾರವಾಡವನ್ನು ತೆಗೆದುಕೊಳ್ಳಬಹುದು. ಅದು ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಗ್ರಾಮ. ಡೋಣಿ ನದಿಯ ಎರೆಭೂಮಿಯ ಈ ಸೀಮೆ ವಿಜಯಪುರ ನಗರದ ದಕ್ಷಿಣ ದಿಕ್ಕಿಗೆ ಬರುತ್ತದೆ. ಮಳೆ ಕಡಿಮೆ, ಗುಡ್ಡ ಮರಗಳ ಅಡ್ಡಿಯಿಲ್ಲದ ಬಯಲು, ಹಿಂಗಾರಿ ಹಂಗಾಮಿನ ಉದ್ದಕ್ಕೂ ಮೋಡವಿಲ್ಲದ ರಾತ್ರಿಗಳು: ಆಕಾಶವೀಕ್ಷಣೆಗೆ ರಾಜ್ಯದಲ್ಲಿ ಇದಕ್ಕಿಂತ ಅನುಕೂಲವಾದ ಸೀಮೆಗಳು ಹೆಚ್ಚಿಲ್ಲ. ಖಗೋಳಜ್ಞ ಭಾಸ್ಕರಾಚಾರ್ಯ ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡವನ್ನು ಕೆಲವರು ವಿಜಯಪುರವೆಂದು ಗುರುತಿಸುತ್ತಾರೆ. ಮಹಾರಾಷ್ಟ್ರದ ಪಾಟಣೆ ಎಂಬ ಅಭಿಪ್ರಾಯವೂ ಬಲವಾಗಿದೆ.

ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ 17 ಡಿಗ್ರಿಯಷ್ಟೇ ಮೇಲಿರುತ್ತದೆ. ನಗರದ ಉತ್ತರಕ್ಕಿರುವವರಿಗೆ ಇದರಿಂದ ತೊಂದರೆಯಿಲ್ಲ. ದಕ್ಷಿಣದ ಹಳ್ಳಿಗಳಿಗಾದರೋ ನಗರದ ಬೆಳಕಿನ ಗುಮ್ಮಟವೂ ಧ್ರುವನೂ ಒಂದೇ ಕಡೆ ಬೀಳುತ್ತವೆ. ಎದುರು ದಿಕ್ಕಿನಲ್ಲಿ ಅಗಸ್ತ್ಯ ನಕ್ಷತ್ರ ಚಳಿಗಾಲದ ರಾತ್ರಿ 20 ಡಿಗ್ರಿ ಎತ್ತರಕ್ಕೆ ಬರುತ್ತದೆ. ಉತ್ತರ, ದಕ್ಷಿಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುವ ಚಿಕ್ಕೆಗಳನ್ನು ಎಣಿಸಿ ಹೋಲಿಸಿದರೆ, ನಗರದ ಬೆಳಕು ಎಷ್ಟು ಕಸಿದಿದೆ ಎಂಬುದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ. ಇಲ್ಲಿನ ಸ್ವಯಂಸೇವಕರಿಗೆ ಹೇಳಿಕೊಡಬೇಕಾದ ಮೊದಲ ಅಳತೆ ಇದೇ.

ಕೂಟಗಳಿಗೆ ಹಬ್ಬದ ಪಂಚಾಂಗ ಒಳ್ಳೆಯ ಆಧಾರ. ಎಳ್ಳಮಾವಾಸ್ಯೆಗೆ ಈ ಭಾಗದ ಕುಟುಂಬಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಊಟ ಮಾಡುವ ರೂಢಿಯಿದೆ. ಅಂದು ರಾತ್ರಿ ಚಂದ್ರನಿರುವುದಿಲ್ಲ. 9 ಗಂಟೆಯ ಹೊತ್ತಿಗೆ ಕೃತ್ತಿಕೆ ನೆತ್ತಿಯ ಹತ್ತಿರ, ಮಹಾವ್ಯಾಧ ಪೂರ್ವದಲ್ಲಿ ಸಾಕಷ್ಟು ಮೇಲೆ ಇರುತ್ತವೆ. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ದಿನ ಬರುವುದರಿಂದ ಜಾಗರಣೆಯ ರಾತ್ರಿಯೂ ಬಹುಪಾಲು ಕತ್ತಲದ್ದೇ. ಎಚ್ಚರವಾಗಿರಲು ಮೊದಲೇ ಒಪ್ಪಿಕೊಂಡ ಜನ ಗುಡಿಯಂಗಳದಲ್ಲಿ ಸೇರಿರುತ್ತಾರೆ. ದೀಪಾವಳಿ ಅಮಾವಾಸ್ಯೆಯಾದರೂ ದೀಪ, ಹೊಗೆ ಹೆಚ್ಚಾದ್ದರಿಂದ ಅಳತೆಗೆ ಒದಗದು. ಕೃಷ್ಣಾ ತೀರದ ಕಡೆ ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹೊಗೆಯೇ ಬೆಳಕನ್ನು ಚದುರಿಸುವುದರಿಂದ ಆ ರಾತ್ರಿಗಳ ದಾಖಲೆಯನ್ನು ಬೇರೆಯಾಗಿ ಗುರುತಿಸಬೇಕು.

ರೈತರೊಡನೆ ಮಾತಿಗೆ ಬೆಳೆಯೇ ದಾರಿ. ತೊಗರಿ, ಹಿಂಗಾರಿ ಜೋಳ ಹಗಲು ಕಿರಿದಾದಾಗ ಹೂಬಿಡುವ ಬೆಳೆಗಳು. ಇದೇ ಸ್ವಭಾವದ ಸೋಯಾ ಅವರೆ ಬೀದಿದೀಪದ ಬುಡದಲ್ಲಿ ತಡವಾಗಿ ಹೂಬಿಟ್ಟು ತಡವಾಗಿ ಬಲಿಯುವುದು ದಾಖಲಾಗಿದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ಹೂವನ್ನು ಮುಂದೂಡಲೆಂದೇ ಹೊಲದಲ್ಲಿ ರಾತ್ರಿ ಹೊತ್ತು ಬಲ್ಬು ಉರಿಸುವುದೂ ಇದೇ ನಿಯಮದ ಬಳಕೆ. ರಸ್ತೆ ಪಕ್ಕದ ತೊಗರಿ ಸಾಲನ್ನೂ ಹೊಲದ ನಡುವಿನ ಸಾಲನ್ನೂ ಹೋಲಿಸಿ ಬರೆದಿಡುವುದು ಸ್ವಯಂಸೇವಕರಿಗೆ ತಕ್ಕ ಅಭ್ಯಾಸ. ಪತಂಗಗಳನ್ನು ಹಿಡಿಯಲು ಹೊಲದಲ್ಲಿಡುವ ಬೆಳಕಿನ ಬಲೆಯೂ ಪಾಠವಾಗುತ್ತದೆ: ಒಂದು ಬಲೆಗೆ ಒಂದು ರಾತ್ರಿಯಲ್ಲಿ ಬೀಳುವ ಹುಳುಗಳನ್ನು ನೋಡಿದವರಿಗೆ ಊರಿನ ಕಂಬಗಳೆಲ್ಲ ಏನು ಮಾಡುತ್ತಿವೆ ಎಂದು ಬೇರೆ ಹೇಳಬೇಕಾಗಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಹಿಟ್ಟಿನಹಳ್ಳಿಯ ಕೃಷಿ ಕಾಲೇಜು ವಿಜಯಪುರದ ಹತ್ತಿರವೇ ಇರುವುದು ಇಂಥ ಹೋಲಿಕೆಗಳಿಗೆ ಅನುಕೂಲ.

ಊರಿನ ದೀಪಗಳ ಮಟ್ಟಿಗೆ, ಸ್ವಿಚ್ ಇಲ್ಲದೆ ಹಗಲೂ ಉರಿಯುವ ಕಂಬಗಳು, ಅಗಸಿ ಮುಂದಿನ ಹೈಮಾಸ್ಟ್ ದೀಪ, ಅಡ್ಡಲಾಗಿ ಮುಖಮಾಡಿದ ಫೋಕಸ್ ಲೈಟು ಇವು ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ. ಬೀದಿದೀಪದ ನಿರ್ವಹಣೆ ಗ್ರಾಮ ಪಂಚಾಯಿತಿಯದು, ವಿದ್ಯುತ್ ಪೂರೈಕೆ ಹೆಸ್ಕಾಂನದು. ಆದ್ದರಿಂದ ಪಿಡಿಒ, ಪಂಚಾಯಿತಿ ಸದಸ್ಯರು, ದಿನಾ ದೀಪ ಹಚ್ಚಿ ಆರಿಸುವ ವಾಟರ್‌ಮ್ಯಾನ್ ಇವರನ್ನು ತರಬೇತಿಯೊಳಗೆ ಸೇರಿಸದಿದ್ದರೆ ಪಾಠ ಶಾಲೆಯ ಅಂಗಳ ದಾಟುವುದಿಲ್ಲ. ಹಗಲು ಉರಿಯುವ ದೀಪದ ಬಿಲ್ಲು ಎಲ್ಲರಿಗೂ ಅರ್ಥವಾಗುವ ಲೆಕ್ಕ. ಗ್ರಾಮಸಭೆಯಲ್ಲಿ ಅದನ್ನೇ ಮೊದಲು ಇಡುವುದು ಜಾಣತನ.

ಕಾನೂನಿನ ಸ್ಥಿತಿ

ಭಾರತದ 1986ರ ಪರಿಸರ (ಸಂರಕ್ಷಣೆ) ಕಾಯ್ದೆ ಮಾಲಿನ್ಯಕಾರಕ ಎಂದರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು ಎಂದು ವ್ಯಾಖ್ಯಾನಿಸುತ್ತದೆ. ಬೆಳಕು ಈ ಮೂರರಲ್ಲಿ ಯಾವುದೂ ಅಲ್ಲ. ಭಾರತೀಯ ಮಾನಕ ಬ್ಯೂರೋದ 2010ರ ರಾಷ್ಟ್ರೀಯ ದೀಪ ಸಂಹಿತೆ ಸಲಹೆ ಕೊಡುತ್ತದೆ, ದಂಡ ವಿಧಿಸುವುದಿಲ್ಲ. ಫ್ರಾನ್ಸ್ 2018ರ ಡಿಸೆಂಬರಿನ ಆದೇಶದಲ್ಲಿ ಹೊರಾಂಗಣ ದೀಪಗಳ ವರ್ಣತಾಪಕ್ಕೆ 3,000 ಕೆಲ್ವಿನ್ ಮಿತಿ ಹಾಕಿತು. ಅಂಥ ಕಟ್ಟಳೆ ಇಲ್ಲದ ಕಡೆ ಜನರ ಒಪ್ಪಿಗೆಯೊಂದೇ ಬಲ. ಸ್ವಯಂಸೇವಕರ ಕೆಲಸಕ್ಕೆ ಭಾರತದಲ್ಲಿ ಇಷ್ಟು ತೂಕ ಬರುವುದು ಇದರಿಂದ.

ಈಗಿನ ಸ್ಥಿತಿ

ಫ್ಯಾಬಿಯೊ ಫಾಲ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಜಾಗತಿಕ ಭೂಪಟದ ಪ್ರಕಾರ ಪ್ರಪಂಚದ ಶೇಕಡಾ 80ಕ್ಕೂ ಹೆಚ್ಚು ಜನ ಬೆಳಕಿನಿಂದ ಕೆಟ್ಟ ಆಕಾಶದಡಿ ಬದುಕುತ್ತಿದ್ದಾರೆ; ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಮನೆಯಿಂದ ಆಕಾಶಗಂಗೆ ಕಾಣುವುದಿಲ್ಲ. ಭಾರತದಲ್ಲಿ 2015ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದಡಿ ಒಂದು ಕೋಟಿಗೂ ಹೆಚ್ಚು ದೀಪಗಳು ಎಲ್‌ಇಡಿಗೆ ಬದಲಾದವು. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಇದು ದೊಡ್ಡ ಸಾಧನೆ. ಮರೆ ಮತ್ತು ಬಣ್ಣಗಳ ಪ್ರಶ್ನೆ ಮಾತ್ರ ಉಳಿದುಕೊಂಡಿದೆ.

ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶ 2024ರ ಜನವರಿಯಲ್ಲಿ ಭಾರತದ ಮೊದಲ ಕತ್ತಲಾಕಾಶ ಉದ್ಯಾನವೆಂಬ ಮನ್ನಣೆ ಪಡೆಯಿತು. ಅದಕ್ಕಾಗಿ ಸುತ್ತಲ ಹಳ್ಳಿಗಳ ಬೀದಿದೀಪಗಳನ್ನು ನೆಲದ ಕಡೆಗಷ್ಟೇ ಬೆಳಕು ಬೀಳುವಂತೆ ಬದಲಿಸಲಾಯಿತು. ಹಾನ್ಲೆ, ಪೆಂಚ್ ಎರಡೂ ವನ್ಯಜೀವಿ ಪ್ರದೇಶಗಳು. ಕೃಷಿ ಗ್ರಾಮಗಳ ಬಯಲಿನಲ್ಲಿ ಇದೇ ಕೆಲಸ ಮಾಡಲು ತಕ್ಕ ಪಠ್ಯವನ್ನು ಕನ್ನಡದಲ್ಲಿ, ಅಲ್ಲಿನ ಬೆಳೆ, ಹಬ್ಬ, ಪಂಚಾಯಿತಿಗಳನ್ನು ಇಟ್ಟುಕೊಂಡು ರೂಪಿಸುವುದು ಮುಂದಿನ ಕೆಲಸ. ಅಳತೆ ಮಾತ್ರ ಅದಕ್ಕಾಗಿ ಕಾಯಬೇಕಿಲ್ಲ. ಒಂದೇ ಜಾಗ, ಒಂದೇ ತಿಂಗಳು, ಚಂದ್ರನಿಲ್ಲದ ಒಂದೇ ವೇಳೆ ಗೊತ್ತುಮಾಡಿಕೊಂಡು, ಮಹಾವ್ಯಾಧನಲ್ಲಿ ಕಾಣುವ ಚಿಕ್ಕೆಗಳನ್ನು ಎಣಿಸಿ ಶಾಲೆಯ ಪುಸ್ತಕದಲ್ಲಿ ಬರೆದಿಟ್ಟರೆ, ದೀಪ ಬದಲಾದ ವರ್ಷ ಆಕಾಶ ಹೇಗೆ ಬದಲಾಯಿತು ಎಂಬುದಕ್ಕೆ ಊರಿನದೇ ದಾಖಲೆ ಸಿಗುತ್ತದೆ.